ಖಾಲಿ ಶೀಶೆಯೊಳಗೆ ಹತ್ತು ಮೈಕ್ರೋಗ್ರಾಂ

ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನನ್ನು ಕಾಣಲು ಬರುತ್ತಾರೆ. ಕಳೆದ ತಿಂಗಳು ಒಬ್ಬಳು ಕೇಳಿದಳು: "ಮೌಶಿ, ನಿಮ್ಮ ಕಾಲದಾಗ ಸೈಟೊಕೈನ್ ಎಲ್ಲಿಂದ ತರಸ್ತಿದ್ರಿ?"

"ಗಡಹಿಂಗ್ಲಜದಿಂದ. ಎಸ್.ಟಿ. ಬಸ್ಸಿನಾಗ, ಟಿಫಿನ್ ಡಬ್ಬಿಯೊಳಗ."

ಚಾಷ್ಟಿ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕಳು. ಚಾಷ್ಟಿ ಅಲ್ಲ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಕುರ್ಚಿಗೆ ಕೈಗಳು ಯಾವಾಗ ಬಂದವು ಎಂಬುದನ್ನೆಲ್ಲ ಬಿಟ್ಟು, ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನಷ್ಟೇ ಇಲ್ಲಿ ಬರೆದಿಡುತ್ತೇನೆ.

ನಾನು ಮಹಾರಾಷ್ಟ್ರದ ಗಡಿಯಂಚಿನ ದಾನೋಳಿಯ ಜೈನ ಒಕ್ಕಲು ಮನೆತನದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಜಯಸಿಂಗಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಎಪ್ಪತ್ತರ ದಶಕದ ನಡುವೆ ಕೊಲ್ಹಾಪುರದ ಒಂದು ಧರ್ಮಾರ್ಥ ಆಸ್ಪತ್ರೆಯ ಹಿಂದಿನ ಲ್ಯಾಬಿಗೆ ಸಂದರ್ಶನಕ್ಕೆ ಹೋದೆ. ಮೂರು ಕೋಣೆಗಳ ಲ್ಯಾಬು. ಒಂದು ಕಾಲಕ್ಕೆ ಕುದುರೆ ಲಾಯವಾಗಿತ್ತಂತೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾದರೆ ಕುದುರೆಯ ವಾಸನೆ ಮತ್ತೆ ಏಳುತ್ತಿತ್ತು. ಅದರ ಮುಖ್ಯಸ್ಥರು ಡಾಕ್ಟರ್ ಸಬನೀಸ. ತೆಳ್ಳಗಿನ ಮನುಷ್ಯ, ಹಳೇ ಸ್ಕೂಟರು, ತಲೆಯಲ್ಲಿ ಒಂದೇ ವಿಚಾರ.

ನಾನು ಮೊದಲೇ ಕೇಳಿಬಿಟ್ಟೆ: "ಸರ್, ಇಲ್ಲಿ ಪ್ರಾಣಿ ಕೊಲ್ಲಬೇಕಾಗ್ತದೇನ್ರಿ?"

"ನಾಹೀ, ನಾಹೀ!" ಎಂದರು ಸರ್. "ಆಪಣ ಫಕ್ತ ವಾಢವಾಯಚಂ." ನಾವು ಬೆಳೆಸುವುದಷ್ಟೇ.

ಬೆಳೆಸಬೇಕಾಗಿದ್ದದ್ದು ಕಾಂಡಕೋಶಗಳನ್ನು. ಆಸ್ಪತ್ರೆಯಲ್ಲಿ ರೋಗಿಯ ಮೂಳೆಯಿಂದ ಪರೀಕ್ಷೆಗೆಂದು ತೆಗೆದ ಮಜ್ಜೆಯಲ್ಲಿ ಒಂದೆರಡು ಹನಿ ಉಳಿಯುತ್ತಿತ್ತು. ಅದು ನಮಗೆ ಬರುತ್ತಿತ್ತು. ಅದರಲ್ಲಿ ಲಕ್ಷಕ್ಕೆ ಕೆಲವೇ ಕೋಶಗಳು ಮುಂದೆ ಕೆಂಪು ರಕ್ತಕಣ, ಬಿಳಿ ರಕ್ತಕಣ ಆಗಬಲ್ಲಂಥವು. ಗಾಜಿನ ತಟ್ಟೆಯಲ್ಲಿ ಅವನ್ನು ಬರೇ ಅನ್ನ ನೀರು ಕೊಟ್ಟು ಕೂಡಿಸಿದರೆ ಸಾಯುತ್ತವೆ. "ಬೆಳೆ" ಎಂದು ಯಾರಾದರೂ ಹೇಳಬೇಕು. ಮೈಯೊಳಗೆ ಹಾಗೆ ಹೇಳುವ ಪದಾರ್ಥವೇ ಸೈಟೊಕೈನ್. ಈಗ ಅದು ಶೀಶೆಯಲ್ಲಿ ಸಿಗುತ್ತದೆ. ಆಗ ಅದು ಯಾವುದರಲ್ಲಿ ಇದೆಯೋ ಅದನ್ನೇ ಹಿಂಡಿ, ನೆನೆಸಿ, ಸೋಸಿ ತೆಗೆಯಬೇಕಿತ್ತು. ಕೊಲ್ಹಾಪುರದವರಾದ ಸರ್ ಆ ದ್ರವಕ್ಕೆ ತಮ್ಮೂರ ಮಟನ್ ಸಾರಿನ ಹೆಸರಿಟ್ಟು "ರಸ್ಸಾ" ಎನ್ನುತ್ತಿದ್ದರು. ನಸುಗೆಂಪಾದದ್ದು ತಾಂಬಡಾ, ಬೆಳ್ಳಗಾದದ್ದು ಪಾಂಢರಾ. ನಮ್ಮವ್ವನಿಗೆ ಇದನ್ನು ಯಾವತ್ತೂ ಹೇಳಲಿಲ್ಲ.

ತಾಂಬಡಾ ರಸ್ಸಾ ಬರುತ್ತಿದ್ದದ್ದು ಹೆರಿಗೆಯಾದ ಮೇಲೆ ಬೀಳುವ ಮಾಸಿನಿಂದ. ಅದರ ತುಣುಕುಗಳನ್ನು ಪೋಷಕ ದ್ರವದಲ್ಲಿ ಏಳು ದಿನ ಇಟ್ಟರೆ, ಅವು ಒಸರುವುದೆಲ್ಲ ದ್ರವಕ್ಕೆ ಇಳಿಯುತ್ತಿತ್ತು. ಕೊಲ್ಹಾಪುರದ ಆಸ್ಪತ್ರೆಗಳು ಕೊಡಲು ಒಪ್ಪಲಿಲ್ಲ. ಗಡಹಿಂಗ್ಲಜದಲ್ಲಿ ಸರ್ ಅವರ ಗೆಳೆಯರೊಬ್ಬರ ಹೆರಿಗೆ ಆಸ್ಪತ್ರೆಯಿತ್ತು. ನನ್ನನ್ನು ಕಳಿಸಿದರು.

ಮಾಸಿಗೆ ಮರಾಠಿಯಲ್ಲಿ "ವಾರ" ಎನ್ನುತ್ತಾರೆ. ನನಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿರಲಿಲ್ಲ. ಕನ್ನಡದಲ್ಲಿ ಅದಕ್ಕೇನು ಎನ್ನುತ್ತಾರೆಂದು ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿದ್ದ ನರ್ಸು ಬೆಳಗಾವಿ ಕಡೆಯಾಕೆ, ಮರಾಠಿ ಬಾರದು.

"ನಂಗ ವಾರ ಬೇಕಾಗಿತ್ರಿ," ಎಂದೆ.

"ಯಾವ ವಾರ? ಡಾಕ್ಟರು ಸೋಮವಾರ, ಗುರುವಾರ ಇರ್ತಾರ."

"ಯಾವುದಾದ್ರೂ ನಡೀತೈತ್ರಿ. ತಾಜಾ ಇದ್ರ ಸಾಕು."

ನರ್ಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಾಜಾ ಅಂದ್ರ? ಇವತ್ತಿಂದಾ? ಇವತ್ತ ಬುಧವಾರ."

"ಹೌದ್ರಿ, ಇವತ್ತಿಂದ ಆದ್ರ ಭಾಳ ಚಲೋ. ಡಬ್ಬಿ ತಂದೇನಿ."

ಬುಧವಾರವನ್ನು ಡಬ್ಬಿಯಲ್ಲಿ ಒಯ್ಯಲು ಬಂದವಳನ್ನು ಆಕೆ ಬೆಂಚಿನ ಮೇಲೆ ಕೂಡಿಸಿ, ನೀರು ಕೊಟ್ಟು, "ಮನ್ಯಾಗ ಯಾರ ಅದಾರವಾ? ನೀ ಒಬ್ಬಾಕೀನ ಬಂದೀಯೇನು?" ಎಂದು ಮೆಲ್ಲಗೆ ಕೇಳಿದಳು. ನಾನು ನಾಚಿಕೆ ಬಿಟ್ಟು ಕೈಸನ್ನೆ ಮಾಡಿ ತೋರಿಸಿದ ಮೇಲೆ ಹಣೆ ಬಡಿದುಕೊಂಡಳು. "ಮಾಸು ಅನ್ನವಾ ತಾಯಿ! ಹುಚ್ಚಿ ಬಂದಾಳಂತ ನಾ ವಾಚ್‌ಮನ್ನನ್ನ ಕರಿಯಾಕ ಹೊಂಟಿದ್ನಿ."

ಅಂದು ಒಳಗೆ ಹೆತ್ತಿದ್ದವಳು ಕುರಿ ಸಾಕುವ ಮನೆತನದ ಸೊಸೆ. ಹೆಣ್ಣು ಕೂಸು. ಮಾಸು ನನ್ನ ಕೈಗೆ ಬರುವ ಹೊತ್ತಿಗೆ ಕೂಸಿನ ಅಜ್ಜಿ ಅಡ್ಡ ನಿಂತಳು. "ಎಲ್ಲಿಗಿ ಒಯ್ತಿ? ಅದು ನಮ್ಮ ಕೂಸಿನ ಜೋಡಿ ಬಂದೈತಿ. ಮನಿ ಹಿತ್ತಲದಾಗ ಹುಗೀಬೇಕು."

ಸಣ್ಣ ತುಂಡಷ್ಟೇ ಸಾಕು ಎಂದೆ. ಇದರಿಂದ ರಕ್ತದ ರೋಗಕ್ಕೆ ಮುಂದೆ ಔಷಧ ಆಗಬಹುದು ಎಂದೆ. ಅಜ್ಜಿ ಒಂದು ಅಂಗೈಯಗಲ ಕೊಡಲು ಒಪ್ಪಿದಳು, ಒಂದು ಕರಾರಿನ ಮೇಲೆ. "ನಿನ್ನ ಕೆಲಸ ಆದಮ್ಯಾಲ ಅದನ್ನ ತಿರಗಿ ತರಬೇಕು. ಅರ್ಧಾ ಇಲ್ಲೆ, ಅರ್ಧಾ ಕೊಲ್ಹಾಪುರದಾಗ ಆದ್ರ ಕೂಸಿನ ಮನಸು ಒಂದ ಕಡೆ ನಿಲ್ಲಂಗಿಲ್ಲ."

ಏಳು ದಿನದ ನಂತರ ರಸ್ಸಾ ಸೋಸಿಕೊಂಡು, ಬೆಳ್ಳಗೆ ಬಿಳಿಚಿದ ತುಣುಕುಗಳನ್ನು ಡಬ್ಬಿಗೆ ತುಂಬಿ ಮತ್ತೆ ಬಸ್ಸು ಹತ್ತಿದೆ. ಕಂಡಕ್ಟರ್ ಡಬ್ಬಿ ನೋಡಿ, "ಕಾಯ ಆಣಲಂಯ ಬಾಯಿ, ಜೇವಣ?" ಎಂದ. ಊಟವಲ್ಲ, ಒಂದು ಕೂಸಿನ ಜೋಡಿದಾರ ಎಂದೆ. ಆತ ಟಿಕೇಟು ಕೊಟ್ಟು ಮುಂದಿನ ಬಾಗಿಲಿಗೆ ಹೋಗಿ ಅಲ್ಲೇ ನಿಂತ. ಹಳ್ಳಿಯಲ್ಲಿ ಅಜ್ಜಿ ಅವನ್ನು ಹುಗಿದು, ಮೇಲೆ ಅರಿಷಿಣ ಕುಂಕುಮ ಹಾಕಿ, ನನಗೆ ಜೋಳದ ರೊಟ್ಟಿ ಕೊಟ್ಟಳು. ಆಮೇಲೆ ಎಷ್ಟೋ ಮಾಸು ತಂದೆ. ಕೇಳಿದವರಿಗೆಲ್ಲ ತಿರುಗಿ ಒಯ್ದು ಕೊಟ್ಟೆ. ಕೇಳದವರದನ್ನು ಲ್ಯಾಬಿನ ಹಿಂದೆ ನಾನೇ ಹುಗಿದೆ. ಅಲ್ಲಿ ಕರಿಬೇವು ಎದೆಯೆತ್ತರ ಬೆಳೆಯಿತು.

ಪಾಂಢರಾ ರಸ್ಸಾದ ಕತೆ ಇದಕ್ಕಿಂತ ಘನವಾದದ್ದು. ವಿದೇಶದಲ್ಲಿ ಮನುಷ್ಯರ ಮೂತ್ರದಿಂದ ಇಂಥ ಪದಾರ್ಥ ತೆಗೆಯುತ್ತಾರೆಂದು ಸರ್ ಎಲ್ಲೋ ಓದಿದರು. ಮೂತ್ರ ಯಾರದಾಗಿರಬೇಕು? "ಬೆಳೆಸುವ ಪದಾರ್ಥ ಯಾರಲ್ಲಿ ಹೆಚ್ಚು? ಬೆಳೆದವರಲ್ಲಿ," ಎಂದು ತಾವೇ ತೀರ್ಮಾನಿಸಿ, ಮರುದಿನವೇ ಒಂದು ತಾಲೀಮಿಗೆ, ಅಂದರೆ ಗರಡಿ ಮನೆಗೆ, ಹೋಗಿ ಪೈಲ್ವಾನರ ಗುರು ವಸ್ತಾದರನ್ನು ಕಂಡರು. ದಿನಾ ಬೆಳಿಗ್ಗೆ ಹತ್ತು ಜನ ಪೈಲ್ವಾನರದ್ದು ಬೇಕು ಎಂದರು. ವೈದ್ಯರು ಕೇಳಿದ್ದೆಂದು ವಸ್ತಾದರು ಇಲ್ಲವೆನ್ನಲಿಲ್ಲ.

ಎರಡು ತಿಂಗಳು ಸರ್ ಸ್ಕೂಟರಿನ ಮುಂದೆ ಎರಡು ಕ್ಯಾನು ಇಟ್ಟುಕೊಂಡು ತಂದರು. ಸೀಮೆಎಣ್ಣೆ ರೇಷನ್ನಿನ ಕಾಲ. ಒಂದು ದಿನ ಪೊಲೀಸ ಹಿಡಿದು ನಿಲ್ಲಿಸಿ, ಕಾಳಸಂತೆಯ ಮಾಲು ಎಂದು ಮುಚ್ಚಳ ತೆಗೆದು ಮೂಗು ಹತ್ತಿರ ಒಯ್ದ. ಆ ಮೇಲೆ ನಮ್ಮ ಸ್ಕೂಟರ್ ಬಂದರೆ ಆತ ಉಳಿದ ಗಾಡಿಗಳನ್ನು ನಿಲ್ಲಿಸಿ ದಾರಿ ಬಿಡಿಸುತ್ತಿದ್ದ.

ಲ್ಯಾಬಿನಲ್ಲಿ ಅದನ್ನು ತೆಳು ಪೊರೆಯ ಉದ್ದನೆಯ ಚೀಲಗಳಿಗೆ ತುಂಬಿ, ಹಗ್ಗಕ್ಕೆ ಸಾಲಾಗಿ ನೇತುಹಾಕಿ, ಮುಂದೆ ಫ್ಯಾನು ಇಡುತ್ತಿದ್ದೆವು. ನೀರು ಆರಿ ಸತ್ವ ಉಳಿಯುತ್ತಿತ್ತು. ಕುದುರೆ ವಾಸನೆ ಸೋತು ಹೋಯಿತು. ಕೊನೆಗೆ ಎರಡು ತಿಂಗಳ ಸಂಪತ್ತೆಲ್ಲ ಒಂದು ಸಣ್ಣ ಬಾಟಲಿಗೆ ಇಳಿಯಿತು. ಅದನ್ನು ಮಜ್ಜೆಕೋಶಗಳಿಗೆ ಹಾಕಿದೆವು. ಮೂರೇ ದಿನದಲ್ಲಿ ಎಲ್ಲ ಸತ್ತವು.

ಆ ವಾರವೇ ತಾಲೀಮಿನ ಮುಖ್ಯ ಪೈಲ್ವಾನ ಕುಸ್ತಿಯಲ್ಲಿ ಚಿತ್ ಆದ. ಮರುದಿನ ವಸ್ತಾದರು, ಸೋತವನೂ ಸೇರಿ ನಾಲ್ವರು ಪೈಲ್ವಾನರ ಜೊತೆ ಲ್ಯಾಬಿನ ಬಾಗಿಲಲ್ಲಿ. ಬಾಗಿಲು ಪೂರ್ತಿ ಮುಚ್ಚಿಹೋಯಿತು, ಒಳಗೆ ಕತ್ತಲೆ.

"ಡಾಕ್ಟರಸಾಹೇಬ," ಎಂದರು ವಸ್ತಾದರು, "ಆಮಚೀ ತಾಕದ ಪರತ ದ್ಯಾ." ನಮ್ಮ ತಾಕತ್ತು ವಾಪಸ್ ಕೊಡಿ.

ಸರ್ ವಿಜ್ಞಾನ ಹೇಳತೊಡಗಿದರು. ವಸ್ತಾದರು ಕೇಳಿಸಿಕೊಂಡು, ಅಷ್ಟೂ ಸತ್ವ ಈಗ ಒಂದು ಬಾಟಲಿಯಲ್ಲಿದೆ ಎಂಬುದನ್ನು ಮಾತ್ರ ಹಿಡಿದುಕೊಂಡರು. ಸೋತವನಿಗೆ ಅದನ್ನು ಹಾಲಿನಲ್ಲಿ ಕುಡಿಸುವುದಾಗಿ ಹೇಳಿದಾಗ ಸೋತವನ ಮುಖ ನೋಡಬೇಕಿತ್ತು. ನಾನು ಮುಂದೆ ಹೋಗಿ, "ಕುಡಿಸಬ್ಯಾಡ್ರಿ. ಕುಸ್ತಿ ಕಣದ ಕೆಂಪು ಮಣ್ಣಿಗೆ ಹಾಕ್ರಿ. ಎಲ್ಲಾ ಪೈಲ್ವಾನರಿಗೂ ಸಮ ಮುಟ್ಟತೈತಿ," ಎಂದೆ. ಮಣ್ಣಿಗೆ ಮಜ್ಜಿಗೆ, ಅರಿಷಿಣ, ಎಣ್ಣೆ ಹಾಕಿ ಹದ ಮಾಡುವವರಿಗೆ ಅದು ಸರಿ ಕಂಡಿತು. ಬಾಟಲಿ ಒಯ್ದರು. ಮುಂದಿನ ಕುಸ್ತಿಯಲ್ಲಿ ಅದೇ ಪೈಲ್ವಾನ ಗೆದ್ದ, ನಮಗೆ ಪೇಢೆ ಬಂತು. ಆ ಪ್ರಯೋಗದಿಂದ ನಾವು ಕಂಡ ಫಲ ಅದೊಂದೇ. ಕೆಲವು ತಿಂಗಳ ನಂತರ, ಸರ್ ಓದಿದ್ದ ಆ ವಿದೇಶಿ ಲೇಖನ ಪೂರ್ತಿಯಾಗಿ ನನ್ನ ಕೈಗೆ ಬಂತು. ಸರ್ ಬಳಿ ಇದ್ದ ಪ್ರತಿಯಲ್ಲಿ ಎರಡನೇ ಪುಟವೇ ಇರಲಿಲ್ಲ. ಆ ಪುಟದಲ್ಲಿ ಬರೆದಿತ್ತು: ಮೂತ್ರ ತೀವ್ರ ರಕ್ತಹೀನತೆಯ ರೋಗಿಗಳದ್ದಾಗಿರಬೇಕು.

ಸರ್ ಬಗ್ಗೆ ನಗುತ್ತಿದ್ದೇನೆ ಎಂದುಕೊಳ್ಳಬೇಡಿ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲ ಲ್ಯಾಬಿನ ಮಾಡು ಕುಸಿಯಿತು. ಇನ್‌ಕ್ಯುಬೇಟರನ್ನು ಇಚಲಕರಂಜಿಯ ಅವರ ಭಾವನ ಮನೆಯ ಒಂದು ಕೋಣೆಗೆ ಸಾಗಿಸಿದೆವು. ಆಚೆ ಗೋಡೆಗೆ ಅಂಟಿಕೊಂಡು ಪವರ್‌ಲೂಮ್ ಶೆಡ್ಡು. ಹಗಲೆಲ್ಲ ಖಟಾಖಟ್, ಖಟಾಖಟ್. ಅಲ್ಲಿ ಬೆಳೆಸಿದ ತಟ್ಟೆಗಳಲ್ಲಿ ಒಂದು ವಿಚಿತ್ರ ಕಂಡಿತು. ಒಂದು ಕೋಶ ಬೆಳೆದು ದುಂಡಗಿನ ಗುಂಪಾಗಬೇಕು. ಇಲ್ಲಿ ಪ್ರತಿ ಗುಂಪಿಗೂ ಉದ್ದನೆಯ ಬಾಲ. ಸರ್ ಹಿಗ್ಗಿಹೋದರು. "ಧೂಮಕೇತು!" ಎಂದರು. ಹೊಸ ಬಗೆಯ ಕಾಂಡಕೋಶವೆಂದು ನಂಬಿ, ಒಂದು ಸಮ್ಮೇಳನಕ್ಕೆ ಲೇಖನ ಕಳಿಸಿಬಿಟ್ಟರು.

ಮಗ್ಗಗಳಿಗೆ ರಜೆ ಇದ್ದ ದಿನ ನಾನು ಹಾಕಿದ ತಟ್ಟೆಗಳಲ್ಲಿ ಮಾತ್ರ ಬಾಲ ಬರಲಿಲ್ಲ. ಶೆಡ್ಡಿನ ನೇಕಾರನೊಬ್ಬನನ್ನು ಕೇಳಿದೆ. ಆತ ನಕ್ಕ. "ನಮ್ಮ ಗ್ವಾಡಿ ಮಗ್ಗಲಾಗ ನೀರಿನ ತಂಬಗಿ ಇಡ್ರಿ ಅಕ್ಕಾರ, ಸಂಜೀ ಮಟ ಅದು ಬಾಗಲಾ ದಾಟಿ ಹೋಗಿರ್ತೈತಿ." ಕೋಶಗಳು ಕೂತ ಲೋಳೆ ಹೆಪ್ಪುಗಟ್ಟುವ ಮೊದಲೇ ಮಗ್ಗದ ನಡುಕಕ್ಕೆ ಅವು ಸರಿದು ಲೋಳೆಯಲ್ಲಿ ಗೀರು ಮೂಡುತ್ತಿತ್ತು, ಗುಂಪು ಆ ಗೀರಿನುದ್ದಕ್ಕೂ ಬೆಳೆಯುತ್ತಿತ್ತು.

ಸರ್‌ಗೆ ಹೇಳುವುದು ಹೇಗೆ? ಮೂರನೇ ದಿನ ತಂಬಿಗೆಯಲ್ಲಿ ನೀರು ತುಂಬಿ, ಗೋಡೆಯ ಪಕ್ಕ ಇಟ್ಟು, ಅವರನ್ನು ಕುರ್ಚಿಯಲ್ಲಿ ಕೂಡಿಸಿದೆ. ತಂಬಿಗೆ ಕುಣಿಯುತ್ತ ಅವರ ಕಾಲ ಬಳಿ ಬಂತು. ಸರ್ ಅದನ್ನೇ ನೋಡುತ್ತ ಕುಳಿತರು. ಆಮೇಲೆ ಎದ್ದು ಸೀದಾ ಅಂಚೆ ಕಚೇರಿಗೆ ಹೋಗಿ ತಾರು ಕೊಟ್ಟರು: ಧೂಮಕೇತುಗಳನ್ನು ಹಿಂತೆಗೆದುಕೊಂಡಿದ್ದೇನೆ, ಅದು ಮಗ್ಗ. ತಾರಿನ ಗುಮಾಸ್ತ ಮೂರು ಸಲ ಓದಿಸಿಕೊಂಡ. ತಪ್ಪನ್ನು ಅದೇ ದಿನ, ಎಲ್ಲರಿಗೂ ಕೇಳುವಂತೆ ಒಪ್ಪಿಕೊಳ್ಳುವ ಮೇಲಧಿಕಾರಿ ನಿಮಗೆ ಸಿಕ್ಕರೆ ಬಿಡಬೇಡಿ. ನಾನು ಬಿಡಲಿಲ್ಲ.

ಮಾಡು ರಿಪೇರಿಯಾಗಿ ನಾವು ಕೊಲ್ಹಾಪುರಕ್ಕೆ ತಿರುಗಿ ಬಂದೆವು. ಇನ್ನು ಶೀಶೆಯ ಮಾತು. ಎಂಬತ್ತರ ದಶಕದ ಕೊನೆಗೆ ಸೈಟೊಕೈನನ್ನು ಮನುಷ್ಯರಿಂದ ಹಿಂಡಬೇಕಾದ ಕೆಲಸವೇ ತಪ್ಪಿತು. ಅದನ್ನು ಮಾಡುವ ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದ ಒಳಗೆ ಸೇರಿಸಿ, ಅವುಗಳ ಕೈಲೇ ತಯಾರಿಸುವ ವಿದ್ಯೆ ಬಂದಿತ್ತು. ಮರುಸಂಯೋಜಿತ ಸೈಟೊಕೈನ್. ಅದೇ ಹೊತ್ತಿಗೆ ನಮ್ಮ ಟ್ರಸ್ಟಿನವರು, ಇಷ್ಟು ವರ್ಷ ಇವರು ಬೆಳೆಸಿದ್ದೇನು ಎಂದು ಕೇಳತೊಡಗಿದ್ದರು. ಮೂರು ತಿಂಗಳಲ್ಲಿ ಸಮಿತಿ ಬಂದು ನೋಡುವುದು, ತೋರಿಸಲು ಏನೂ ಇಲ್ಲದಿದ್ದರೆ ಲ್ಯಾಬು ಮುಚ್ಚಿ ಆಸ್ಪತ್ರೆಯ ಉಪಾಹಾರಗೃಹ ಮಾಡುವುದು ಎಂದಾಯಿತು. ಸರ್ ವಿದೇಶದಲ್ಲಿದ್ದ ಹಳೇ ಶಿಷ್ಯನಿಗೆ ಬರೆದರು. ಆತ ಒಂದು ಶೀಶೆ ಕಳಿಸಿದ.

ಟ್ರಸ್ಟಿನ ಕಾರ್ಯದರ್ಶಿಗಳು ಶೀಶೆಗೆ ಪೂಜೆ ಆಗಲೇಬೇಕೆಂದರು. ಕುಂಕುಮ, ಹೂವು, ತೆಂಗಿನಕಾಯಿ. ಆರತಿ ಆದ ಮೇಲೆ ಶೀಶೆಯನ್ನು ಬೆಳಕಿಗೆ ಹಿಡಿದರು. ಒಳಗೆ ಏನೂ ಇಲ್ಲ.

"ವಾಟೇತ ಸಾಂಡಲಂ ಕಾಯ ಹೋ?" ದಾರಿಯಲ್ಲಿ ಚೆಲ್ಲಿತೇ ಎಂದು ಕೇಳಿದರು.

"ಹತ್ತು ಮೈಕ್ರೋಗ್ರಾಂ ಇದೆ," ಎಂದರು ಸರ್. "ಒಂದು ಸಾಸಿವೆ ಕಾಳನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲು."

ಕಾರ್ಯದರ್ಶಿಗಳು ಉಪಾಹಾರಗೃಹದ ಅಳತೆಗೆ ಗೋಡೆಗಳನ್ನು ನೋಡುತ್ತ ಹೋದರು.

ಮುಂದಿನ ತಪ್ಪು ನನ್ನದೇ. ಅಲ್ಲಿಯವರೆಗೆ ನಾವು ಬಳಸಿದ ರಸ್ಸಾ ಎಲ್ಲ ಗಂಜಿಯ ಹಾಗೆ ಮಂದ. ಇದು ಇಷ್ಟು ಶುದ್ಧ, ಹೀಗಾಗಿ ಬರೇ ಶುದ್ಧ ಉಪ್ಪುನೀರಿನಲ್ಲೇ ಕರಗಿಸಬೇಕು ಎಂದುಕೊಂಡು, ಹೊಳೆಯುವ ಗಾಜಿನ ಕೊಳವೆಯಲ್ಲಿ ಕರಗಿಸಿ, ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಮರುದಿನ ತಟ್ಟೆಗಳಿಗೆ ಹಂಚಿದೆ. ಕೊಳವೆಯನ್ನು ಸಿಂಕಿಗೆ ಹಾಕಿದೆ. ಹತ್ತನೇ ದಿನ ನೋಡಿದರೆ ಒಂದು ತಟ್ಟೆಯಲ್ಲೂ ಒಂದು ಗುಂಪಿಲ್ಲ.

ಸರ್ ಪೆಟ್ಟಿಗೆಯ ತಳದಿಂದ ಮಡಚಿದ ಚೀಟಿ ತೆಗೆದು ಓದಿದರು. ಇಷ್ಟು ಸಣ್ಣ ಪ್ರಮಾಣದ ಪದಾರ್ಥ ಗಾಜಿಗೆ ಅಂಟಿಕೊಂಡುಬಿಡುತ್ತದೆ, ಜೊತೆಗೆ ಬೇರೆ ಪ್ರೋಟೀನು ಸೇರಿಸದೆ ಗಾಜಿನಲ್ಲಿ ಇಡಕೂಡದು ಎಂದು ಬರೆದಿತ್ತು. ನಾನು ಚೀಟಿಯನ್ನು ಬಿಚ್ಚಿಯೇ ಇರಲಿಲ್ಲ. ತಟ್ಟೆಗಳಿಗೆ ಹೋದದ್ದು ಬರೇ ಉಪ್ಪುನೀರು. ಸೈಟೊಕೈನ್ ಇದ್ದದ್ದು ಆ ಕೊಳವೆಯ ಗೋಡೆಗೆ. ಆ ಕೊಳವೆ ಸಿಂಕಿಗೆ ಬಿದ್ದು ಹತ್ತು ದಿನ.

ಸಿಂಕು ಎಂದರೆ ಸಿದ್ದಪ್ಪ ಮಾಮಾ. ಗಡಿಯ ಹಳ್ಳಿಯ ಕುರುಬರ ಮನುಷ್ಯ, ನನಗಿಂತ ಇಪ್ಪತ್ತು ವರ್ಷ ಹಿರಿಯ, ನಾನು ಸೇರುವ ಮೊದಲಿನಿಂದಲೂ ಲ್ಯಾಬಿನ ಗಾಜು ತೊಳೆಯುತ್ತಿದ್ದ. ಸೋಪಿನ ಕಲೆ ಉಳಿದರೂ ಕೋಶ ಸಾಯುತ್ತವೆ ಎಂದು ಹೇಳಿದ್ದರಿಂದ ಒಂದೊಂದನ್ನು ಹನ್ನೆರಡು ಸಲ ತೊಳೆಯುವನು. ಚಹಾದ ಕಪ್ಪನ್ನೂ ಹನ್ನೆರಡು ಸಲ. ಆತನ ಕೈಗೆ ಹೋದದ್ದು ತೊಳೆಯದೆ ಉಳಿಯುವ ಮಾತೇ ಇರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತು ಅತ್ತೆ.

ಮಾಮಾ ಬಾಗಿಲಲ್ಲಿ ನಿಂತು ಕೇಳಿದ: "ಯಾವ ಕೊಳವಿ, ಅಕ್ಕಾರ? ಪೂಜಿ ಮಾಡಿದ್ದರದೇನ್ರಿ?"

"ಹೌದು ಮಾಮಾ."

ಆತನ ಮುಖ ಸಣ್ಣದಾಯಿತು. ಟವೆಲ್ ಹಿಂಡುತ್ತ ಸರ್ ಕಡೆ ತಿರುಗಿದ. "ಸಾಹೇಬರ, ನನ್ನಿಂದ ತಪ್ಪಾಗೈತ್ರಿ. ಅದನ್ನ ನಾ ತೊಳೀಲಿಲ್ರಿ. ಆರತಿ ಮಾಡಿದ ದೇವರ ನೀರು ಇತ್ತಲ್ರಿ ಅದರಾಗ. ಗಟಾರಕ್ಕ ಹೆಂಗ ಚೆಲ್ಲಲಿ? ಬೂಚು ಹಾಕಿ ಫ್ರಿಜ್ಜಿನಾಗ ಹಿಂದ ಇಟ್ಟೇನ್ರಿ. ಹೇಳಾಕ ಅಂಜಿಕಿ ಆತು."

ಸರ್ ಹೋಗಿ ಸಿದ್ದಪ್ಪನನ್ನು ಗಟ್ಟಿಯಾಗಿ ಅಪ್ಪಿಕೊಂಡುಬಿಟ್ಟರು. ಮಾಮಾ ಕೈಗಳನ್ನು ಪಕ್ಕಕ್ಕೆ ಚಾಚಿ, ಒದ್ದೆ ಕೈ ಅವರ ಅಂಗಿಗೆ ತಾಗದ ಹಾಗೆ ನಿಂತಿದ್ದ. ಆಮೇಲೆ ನನ್ನ ಬಳಿ ಬಂದು ಪಿಸುಗುಟ್ಟಿದ: "ಇಪ್ಪತ್ತ ವರ್ಷ ತೊಳದ್ನಿ ಅಕ್ಕಾರ, ಯಾರೂ ಭೇಷ್ ಅನಲಿಲ್ಲ. ಒಂದ ದಿನಾ ತೊಳೀಲಿಲ್ಲ, ಸಾಹೇಬರು ತೆಕ್ಕಿ ಬಡದ್ರು. ಏನ ತಿಳಕೊಳ್ಳೋದ್ರಿ ಇದನ್ನ?"

ಆ ಕೊಳವೆಗೆ ಪ್ರೋಟೀನು ತುಂಬಿದ ಸೀರಮ್ ಬೆರೆಸಿದ ಪೋಷಕ ದ್ರವ ಹಾಕಿ ಮೆಲ್ಲಗೆ ಅಲುಗಾಡಿಸಿದೆ. ಗೋಡೆಗೆ ಅಂಟಿದ್ದರಲ್ಲಿ ಎಷ್ಟು ಬಿಡುತ್ತದೋ, ಹತ್ತು ದಿನದಲ್ಲಿ ಎಷ್ಟು ಕೆಟ್ಟಿದೆಯೋ ಗೊತ್ತಿಲ್ಲ. ಆರು ತಟ್ಟೆ ಹಾಕಿದೆ. ದಿನಗಳನ್ನು ಹೇಗೆ ಕಳೆದೆನೋ. ಏಳನೇ ದಿನ ಒಂದು ತಟ್ಟೆಯಲ್ಲಿ ನಾಲ್ಕು ಕೋಶ ಒಟ್ಟಿಗೆ ಕೂತದ್ದು ಕಂಡಿತು. ಹನ್ನೆರಡನೇ ದಿನಕ್ಕೆ ಆರೂ ತಟ್ಟೆಗಳಲ್ಲಿ ದುಂಡಗಿನ ಗುಂಪುಗಳು, ಬಾಲ ಇಲ್ಲದವು.

ಸಮಿತಿ ಬಂತು. ಅಧ್ಯಕ್ಷರು ಹಿರಿಯರು, ದಪ್ಪ ಕನ್ನಡಕ. ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿದರು. ಬಹಳ ಹೊತ್ತು ನೋಡಿದರು.

"ವಾ! ಲಾಂಬ ಲಾಂಬ, ಕಾಳ್ಯಾ ಕಾಳ್ಯಾ! ಆಣಿ ಹಲತಾಯತ ಪಣ!" ಉದ್ದುದ್ದ, ಕಪ್ಪು ಕಪ್ಪು, ಅಲುಗಾಡುತ್ತಲೂ ಇವೆ ಎಂದರು.

ನಮ್ಮ ಗುಂಪುಗಳು ದುಂಡಗೆ, ಬೆಳ್ಳಗೆ, ಅಲುಗಾಡದಂಥವು. ಅಧ್ಯಕ್ಷರು ನೋಡುತ್ತಿದ್ದದ್ದು ಅವರದೇ ಕಣ್ಣಿನ ರೆಪ್ಪೆಗೂದಲು. ಸತ್ಯ ಹೇಳಲು ಸರ್ ಬಾಯಿ ತೆರೆದರು. ಇಷ್ಟು ವರ್ಷದಲ್ಲಿ ಅದೊಂದೇ ಸಲ ನಾನು ಮೇಲಧಿಕಾರಿಯ ಕಾಲು ತುಳಿದೆ, ಹಿಮ್ಮಡಿಯಿಂದ. ಲ್ಯಾಬು ಉಳಿಯಿತು. ಸರ್ ಮೂರನೇ ದಿನ ಅಧ್ಯಕ್ಷರಿಗೆ ಕಾಗದ ಬರೆದು ಎಲ್ಲ ತಿಳಿಸಿದರು. ಅಧ್ಯಕ್ಷರಿಂದ ಉತ್ತರ ಬಂತು: ವಿನಯ ನಿಮ್ಮ ದೊಡ್ಡ ಗುಣ.

ಸಮಿತಿ ಹೋದ ಆ ಸಂಜೆ ತಟ್ಟೆಗಳು ಇನ್ನೂ ಮೇಜಿನ ಮೇಲೆಯೇ ಇದ್ದವು. ಬೆಳೆದದ್ದನ್ನು ಸರಿಯಾಗಿ ನೋಡಿದವರು ಸರ್ ಮತ್ತು ನಾನು ಇಬ್ಬರೇ. ಸಿದ್ದಪ್ಪ ಮಾಮಾ ತಟ್ಟೆ ಒಯ್ಯಲು ಬಂದ. "ಮೊದಲ ನೀವ ನೋಡ್ರಿ ಮಾಮಾ," ಎಂದು ಸ್ಟೂಲಿನ ಮೇಲೆ ಕೂಡಿಸಿದೆ. ಇಪ್ಪತ್ತು ವರ್ಷದಲ್ಲಿ ಯಾರೂ ಆತನಿಗೆ ನೋಡು ಎಂದಿರಲಿಲ್ಲ. ನಾನೂ ಅಂದಿರಲಿಲ್ಲ.

ಕಣ್ಣು ಹೊಂದಿಸಿಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಉಸಿರು ಬಿಗಿಹಿಡಿದು ನೋಡಿದ. "ಕುರಿ ಹಿಂಡು, ಅಕ್ಕಾರ. ಹೊಲದಾಗ ದುಂಡಗ ಮಲಗ್ಯಾವು." ಇನ್ನಷ್ಟು ನೋಡಿದ. "ಜೀವ ಅದಾವೇನ್ರಿ ಇವು?"

"ಅದಾವು ಮಾಮಾ."

ಆತ ಕಣ್ಣು ತೆಗೆದು ನನ್ನ ಕಡೆ ತಿರುಗಿದ. "ಹಂಗಾರ ಇಷ್ಟ ವರ್ಷ ನಾ ಇವನ್ನ ತೊಳದ ಚೆಲ್ಲೇನೇನ್ರಿ?"

ಪ್ರಾಣಿ ಕೊಲ್ಲುವುದಿಲ್ಲ ಎಂಬ ಮಾತು ಪಡೆದು ಕೆಲಸಕ್ಕೆ ಬಂದವಳು ನಾನು. ಅವು ಮುಂದೆ ಹೇಗೂ ಉಳಿಯುವಂಥವಲ್ಲ, ನಮ್ಮ ಲೆಕ್ಕದಲ್ಲಿ ಅವು ಇನ್ನೂ ಪ್ರಾಣಿಯಲ್ಲ ಎಂದೆಲ್ಲ ಏನೋ ಹೇಳಿದೆ. ಮಾಮಾ ತಲೆಯಾಡಿಸಿದ. ಅಂದು ತಟ್ಟೆಗಳನ್ನು ಒಯ್ಯಲಿಲ್ಲ.

ಮರುದಿನದಿಂದ ನಿವೃತ್ತನಾಗುವವರೆಗೆ ಆತ ಒಂದು ತಟ್ಟೆಯನ್ನೂ ಕೇಳದೆ ತೊಳೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳುವನು: "ಅಕ್ಕಾರ, ಇದರಾಗ ಯಾರರ ಅದಾರೇನ್ರಿ?"

"ಯಾರೂ ಇಲ್ಲ ಮಾಮಾ," ಎಂದ ಮೇಲೆಯೇ ನಲ್ಲಿ ತಿರುಗಿಸುತ್ತಿದ್ದ. ಹಾಗೆಂದು ಹೇಳುವ ಮೊದಲು, ಎಷ್ಟೇ ಅವಸರವಿರಲಿ, ನಾನು ತಟ್ಟೆಯನ್ನು ಇಸಿದುಕೊಂಡು ಇನ್ನೊಮ್ಮೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದೆ.